ಕಾವೇರಿಯೂ ನಮ್ಮ ಚಿಕ್ಕಮ್ಮನೂ

ತ್ರಿವೇಣಿಯವರ ‘ಶರಪಂಜರ’ವನ್ನು ನಾನು ಮೊದಲು ಓದಿದ್ದು ಮಾನಸಗಂಗೋತ್ರಿಯಲ್ಲಿ ಎಂ.ಎ. ವಿದ್ಯಾರ್ಥಿಯಾಗಿದ್ದಾಗ. ಓದಿ ಮುಗಿಸಿದಾಗ ನನಗಾದದ್ದು ನಿರಾಶೆ ಎಂದರೆ ಅವರ ಅಭಿಮಾನಿಗಳು ಮುನಿದಾರು. ಆದರೂ ಆದದ್ದನ್ನು ಹೇಳಬೇಕಷ್ಟೆ. ಬಾಣಂತನದಲ್ಲಿ ಬುದ್ಧಿ ಕದಡಿದ ಹೆಣ್ಣೊಬ್ಬಳನ್ನು ನಾನು ಅದಕ್ಕೆ ಮೊದಲೇ, ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯ ನಮ್ಮ ಮನೆಯಲ್ಲಿಯೇ ಕಂಡಿದ್ದೆ.

ನಾಗರಹೊಳೆಯ ಕಾಡಿನ ಅಂಚಿನ ಊರು ನಮ್ಮದು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವುದರಲ್ಲಿ ಚಿಕ್ಕಮ್ಮನ ಕೈ ಬಹಳ ಚುರುಕು. ಎರಡನೆಯ ಹೆರಿಗೆಯಾಗಿ ವಾರ ತುಂಬುವಷ್ಟರಲ್ಲಿ ಅವಳಿಗೆ ನಿದ್ದೆ ದೂರವಾಯಿತು. ಮಗುವನ್ನು ಯಾರೋ ಬದಲಾಯಿಸಿದ್ದಾರೆ ಎನ್ನತೊಡಗಿದಳು. ‘ಗಾಳಿ ಸೋಕಿದೆ’ ಎಂದರು ಅಜ್ಜಿ. ತಾಯತ ಬಂತು, ನಿಂಬೆಹಣ್ಣು ಬಂತು. ಮೈಸೂರಿನ ಡಾಕ್ಟರ ಬಳಿಗೆ ಹೋದದ್ದು ಅವೆಲ್ಲ ಮುಗಿದ ಮೇಲೆ. ಆ ಕಾಯಿಲೆಗೆ ಕಥೆಯ ಶೋಭೆಯೇನೂ ಇರಲಿಲ್ಲ. ಗೋಡೆಗೆ ಮುಖ ಮಾಡಿ ಕೂತ ಒಂದು ಬೆನ್ನು, ಅಷ್ಟೆ.

ಕಾವೇರಿಯಾದರೋ ಓದಿದವಳು, ಅನುಕೂಲಸ್ಥರ ಮನೆಯ ಚೆಲುವೆ. ಅವಳ ಮನಸ್ಸಿನ ಗಂಟನ್ನು ಬಿಚ್ಚುವಾಗ ಲೇಖಕಿಯ ಕೈಯಲ್ಲಿ ಮನಶ್ಶಾಸ್ತ್ರದ ಪಠ್ಯಪುಸ್ತಕವಿದ್ದಂತೆ ನನಗೆ ತೋರಿತು. ಕಾರಣಗಳನ್ನು ಜೋಡಿಸಿಕೊಡುವ ಆತುರ ಬಹಳ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸುವ ಈ ಕಾಯಿಲೆಗೆ ಮನಸ್ಸಿನ ಹಳೆಯ ಗಾಯವೇ ಇರಬೇಕೆಂದಿಲ್ಲ ಎಂದು ಇಂದಿನ ವೈದ್ಯರು ಹೇಳುತ್ತಾರೆ. ಚಿಕ್ಕಮ್ಮನ ಬದುಕಿನಲ್ಲಿ ಎಷ್ಟು ಹುಡುಕಿದರೂ ಅಂಥದೇನೂ ಸಿಗಲಿಲ್ಲ.

ಈ ಪಠ್ಯಪುಸ್ತಕದ ವಾಸನೆ ಎಲ್ಲಿಂದ ಬಂತೆಂಬುದು ನನಗೆ ಹೊಳೆದದ್ದು ನಾನೇ ಪಾಠ ಹೇಳಲು ನಿಂತ ಮೇಲೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದವರು. (ಹೊಸ ವಿದ್ಯೆಯನ್ನು ಮನೆಮನೆಗೆ ಮುಟ್ಟಿಸುವ ಹಂಬಲ ಆ ಕಾಲದ ಮೈಸೂರಿಗೆ ಬಹಳವಾಗಿತ್ತು.) ಬಿ.ಎಂ.ಶ್ರೀ.ಯವರ ಮನೆತನದ ಅನಸೂಯಾ ಮನಶ್ಶಾಸ್ತ್ರವನ್ನು ಓದಿ 1947ರಲ್ಲಿ ಬಿ.ಎ. ಮಾಡಿದರು, ಮೊದಲ ಕಾದಂಬರಿ ‘ಅಪಸ್ವರ’ 1953ರಲ್ಲಿ ಹೊರಬಂತು. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆದದ್ದು ಅದರ ಮರುವರ್ಷ. ಮನೆಮಂದಿಯ ಬಾಯಲ್ಲಿ ‘ಹುಚ್ಚು’ ಎಂಬ ಒಂದೇ ಮಾತು ಓಡಾಡುತ್ತಿದ್ದ ದಿನಗಳಲ್ಲಿ ಇದು ಕಾಯಿಲೆ, ಇದಕ್ಕೆ ಮದ್ದುಂಟು ಎಂದು ತಿಳಿಸುವ ಹೊರೆ ಕಾದಂಬರಿಯ ಹೆಗಲಿಗೆ ಬಿತ್ತು. ಪಾಠ ಮುಂದಾದಾಗ ಪಾತ್ರ ಹಿಂದಾಯಿತು. ತ್ರಿವೇಣಿಯವರಿಗೆ ಇದನ್ನು ದಾಟಲು ಕಾಲವೂ ಸಿಗಲಿಲ್ಲ. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ವಯಸ್ಸು ಮೂವತ್ತೈದು ತುಂಬಿರಲಿಲ್ಲ.

ಆದರೆ ಕಾವೇರಿ ಗುಣವಾಗಿ ಮನೆಗೆ ಮರಳಿದ ಮೇಲಿನ ಭಾಗವಿದೆಯಲ್ಲ, ಅಲ್ಲಿ ನನ್ನ ತಕರಾರು ಬಾಯಿ ಮುಚ್ಚುತ್ತದೆ. ಅವಳು ನಕ್ಕರೆ ಅನುಮಾನ, ಸಿಟ್ಟಾದರೆ ಅನುಮಾನ. ನಮ್ಮ ಮನೆಯಲ್ಲೂ ಚಿಕ್ಕಮ್ಮ ಗುಣವಾಗಿ ಬಂದ ಮೇಲೆ ಕುಡುಗೋಲು ಅಟ್ಟಕ್ಕೇರಿತು, ಮಗು ನಮ್ಮಮ್ಮನ ಸೊಂಟದಲ್ಲೇ ಉಳಿಯಿತು. ‘ಕೊಡಕ್ಕಾ, ನಾನೇ ಹೆತ್ತಿದ್ದಲ್ವಾ ಇದನ್ನ?’ ಎಂದು ಅವಳು ಕೇಳಿದ್ದನ್ನು ಬಾಗಿಲಲ್ಲಿ ನಿಂತು ನಾನು ಕೇಳಿದ್ದೇನೆ. ಅಮ್ಮ ಕೊಡಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡು 2009ರಲ್ಲಿ ತೆರೆಯಿತು. ಅದು ನಮ್ಮ ಚಿಕ್ಕಮ್ಮನಿಗೆ ಒದಗಲಿಲ್ಲ.

ಪಕ್ಕದ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರಾದ ಪುಟ್ಟಣ್ಣನವರು 1971ರಲ್ಲಿ ಈ ಕಥೆಯನ್ನು ಚಿತ್ರ ಮಾಡಿದರು. ಕಲ್ಪನಾ ಅವರ ಅಭಿನಯವನ್ನು ಮೆಚ್ಚದವರಿಲ್ಲ. ನಮ್ಮ ಕಡೆ ಮಾತ್ರ ಸಿಟ್ಟು ಮಾಡಿದ ಹೆಂಗಸನ್ನು ‘ಕಲ್ಪನಾ ಥರ ಆಡ್ತಾಳೆ’ ಎಂದು ಆಡಿಕೊಳ್ಳುವುದಕ್ಕೂ ಅದು ನೆಪವಾಯಿತು. ಚಿಕ್ಕಮ್ಮನೂ ಆ ಮಾತು ಕೇಳಿದವಳೇ.

ಹೋದ ವರ್ಷ ಟಿ.ವಿ.ಯಲ್ಲಿ ಆ ಚಿತ್ರ ಬಂದಾಗ ನಾನು ಊರಿನಲ್ಲಿದ್ದೆ. ಚಾನೆಲ್ ಬದಲಿಸಲು ಕೈ ಚಾಚಿದರೆ ಚಿಕ್ಕಮ್ಮ ಬೇಡವೆಂದಳು. ಕಾವೇರಿಯ ಹುಚ್ಚಾಟದ ದೃಶ್ಯಗಳು ಬಂದಾಗ ಎದ್ದು ಹೋಗಿ ಅವರೆಕಾಯಿ ಸುಲಿದಳು. ಕಾವೇರಿ ಮನೆಗೆ ಬಂದ ಮೇಲೆ ಬಂದು ಕೂತು ಕೊನೆಯವರೆಗೆ ನೋಡಿದಳು. ಕಾವೇರಿ ಮತ್ತೆ ಆಸ್ಪತ್ರೆಯ ಪಾಲಾದದ್ದು ಅವಳಿಗೆ ಒಪ್ಪಿಗೆಯಾಗಲಿಲ್ಲ.

‘ಯಾಕೆ ಕಳಿಸಬೇಕಿತ್ತು? ನಾನೇನು ಹೋದ್ನಾ?’ ಎಂದು ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು.