ವಿನ್‌ಕ್ರಿಸ್ಟಿನ್

ನಿತ್ಯಪುಷ್ಪ ಗಿಡದಿಂದ ಪಡೆಯುವ ಕೀಮೋಥೆರಪಿ ಔಷಧ. ಉಡುಪಿ, ಕಾಪು, ಕಾರ್ಕಳದ ಮನೆಯಂಗಳಗಳಲ್ಲಿ ವರ್ಷವಿಡೀ ಹೂಬಿಡುವ ಈ ಗಿಡದ ಇನ್ನೊಂದು ಹೆಸರು ಕಾಶಿಕಣಗಿಲೆ, ಮೂಲ ಮಡಗಾಸ್ಕರ್. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಇದರ ಎಲೆಯ ಕಷಾಯ ಕುಡಿಯುತ್ತಿದ್ದರು. ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದನ್ನು ಪರೀಕ್ಷಿಸಿದಾಗ ಇಲಿಗಳಲ್ಲಿ ಇಳಿದದ್ದು ಸಕ್ಕರೆಯಲ್ಲ, ಬಿಳಿರಕ್ತಕಣ. ಆ ಸುಳಿವು ಹಿಡಿದು 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧ ಸಿಕ್ಕಿತು. ಅದೇ ಗಿಡದ ವಿನ್‌ಕ್ರಿಸ್ಟಿನ್‌ಗೆ ಅಮೆರಿಕದಲ್ಲಿ 1963ರಲ್ಲಿ ಅನುಮತಿ ದೊರೆಯಿತು.

ಜೀವಕೋಶ ಒಡೆದು ಎರಡಾಗಲು ಬೇಕಾದ ಸೂಕ್ಷ್ಮ ನಾಳಗಳನ್ನು ಇದು ಕಟ್ಟಗೊಡುವುದಿಲ್ಲ. ಮಕ್ಕಳ ರಕ್ತ ಕ್ಯಾನ್ಸರ್, ಲಿಂಫೋಮಾ, ಮೂತ್ರಪಿಂಡದ ವಿಲ್ಮ್ಸ್ ಗೆಡ್ಡೆಗಳಲ್ಲಿ ಬೇರೆ ಔಷಧಗಳ ಜೊತೆ ಕೊಡುತ್ತಾರೆ. ದೇಹದ ಮೇಲ್ಮೈಯ ಚದರ ಮೀಟರಿಗೆ ಸುಮಾರು 1.4 ಮಿಲಿಗ್ರಾಂ ವಾಡಿಕೆಯ ಪ್ರಮಾಣ; ದೊಡ್ಡವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿಲಿಗ್ರಾಂ ಮೀರಿಸುವುದಿಲ್ಲ.

ರಕ್ತನಾಳಕ್ಕೆ ಮಾತ್ರ ಕೊಡಬೇಕಾದ ಮದ್ದಿದು. ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಬಹುತೇಕ ಪ್ರಾಣಾಂತಿಕ. ಅಂಥ ಅವಘಡಗಳ ನಂತರ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇದನ್ನು ಸಿರಿಂಜಿನಲ್ಲಿ ತುಂಬದೆ ಚಿಕ್ಕ ಚೀಲದಲ್ಲಿ ತೆಳುಗೊಳಿಸಿ ಕೊಡಿ ಎಂದು ಎಚ್ಚರಿಸಿತು. ನಾಳದಿಂದ ಹೊರಗೆ ಸೋರಿದರೆ ಸುತ್ತಲ ಮಾಂಸ ಕೊಳೆಯಬಹುದು. ಸೂಜಿ ಚುಚ್ಚಿದಲ್ಲಿ ಉರಿಯೆನಿಸಿದರೆ ತಡೆದುಕೊಳ್ಳದೆ ನರ್ಸಿಗೆ ಆಗಲೇ ಹೇಳಬೇಕು.

ಹೆಚ್ಚು ಕಾಡುವುದು ನರಗಳ ತೊಂದರೆ. ಬೆರಳ ತುದಿ ಜುಮ್ಮೆನ್ನುತ್ತದೆ, ಅಂಗಿಯ ಗುಂಡಿ ಹಾಕಲು ಬರುವುದಿಲ್ಲ, ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರುತ್ತದೆ. ದವಡೆ ನೋಯಬಹುದು. ಮಲಬದ್ಧತೆ ಕರುಳಿನ ಚಲನೆಯೇ ನಿಲ್ಲುವಷ್ಟು ಬಿಗಡಾಯಿಸಬಹುದಾದ್ದರಿಂದ ಅದಕ್ಕೆ ಮೊದಲೇ ಔಷಧ ಕೊಡುತ್ತಾರೆ. ಕೂದಲು ಉದುರುತ್ತದೆ. ಲಿವರ್ ತೊಂದರೆಯಿದ್ದರೆ ಪ್ರಮಾಣ ತಗ್ಗಿಸಬೇಕು.

ಉಡುಪಿ ಜಿಲ್ಲೆಯವರಿಗೆ ಕ್ಯಾನ್ಸರ್ ಚಿಕಿತ್ಸೆಯ ದೊಡ್ಡ ಕೇಂದ್ರವಿರುವುದು ಮಣಿಪಾಲದಲ್ಲಿ, ಕಸ್ತೂರ್ಬಾ ಆಸ್ಪತ್ರೆಗೆ ಸೇರಿದ ಶಿರಡಿ ಸಾಯಿಬಾಬಾ ಕ್ಯಾನ್ಸರ್ ಆಸ್ಪತ್ರೆ. ಇಂಜೆಕ್ಷನ್ ಆಸ್ಪತ್ರೆಯಲ್ಲಾದರೂ ಅಪಾಯ ಊರಿನಲ್ಲೂ ಕಾದಿರುತ್ತದೆ. ಕರಾವಳಿಯ ಸೆಕೆ, ಬೆವರಿಗೆ ಗಜಕರ್ಣ ಬರುವುದು ಮಾಮೂಲು. ಅದಕ್ಕೆ ಮೆಡಿಕಲ್ಲಿನಿಂದ ತರುವ ಇಟ್ರಾಕೊನಜೋಲ್, ಲಿವರ್ ವಿನ್‌ಕ್ರಿಸ್ಟಿನನ್ನು ಕರಗಿಸುವುದನ್ನು ತಡೆಯುತ್ತದೆ. ಔಷಧ ಮೈಯಲ್ಲೇ ಉಳಿದು ನರಗಳಿಗೆ ತೀವ್ರ ಪೆಟ್ಟು ಬೀಳುತ್ತದೆ. ಚರ್ಮದ ವೈದ್ಯರ ಬಳಿ ಹೋದರೂ ಕೀಮೋ ಫೈಲು ಕೈಯಲ್ಲಿರಬೇಕು.

ಅಂಗಳದ ಗಿಡದ ಕಷಾಯವನ್ನು ಕ್ಯಾನ್ಸರಿಗೆ ಕುಡಿಯಲೇಬಾರದು. ಒಣ ಎಲೆಯಲ್ಲಿ ವಿನ್‌ಕ್ರಿಸ್ಟಿನ್ ಇರುವುದೇ ಅತ್ಯಲ್ಪ, ಕೆಲವೇ ಗ್ರಾಂಗೆ ಟನ್ನುಗಟ್ಟಲೆ ಎಲೆ ಬೇಕು. ಜೊತೆಗಿರುವ ಹತ್ತಾರು ಆಲ್ಕಲಾಯ್ಡ್‌ಗಳಲ್ಲಿ ಕೆಲವು ವಿಷಕಾರಿ.