ಪಿತ್ತನಾಳದ ನೆರೆಹೊರೆ

ಯಕೃತ್ತಿನಿಂದ ಸಣ್ಣ ಕರುಳಿಗೆ ಪಿತ್ತರಸವನ್ನು ಒಯ್ಯುವ ಕಿರುಗಾಲುವೆಯೇ ಪಿತ್ತನಾಳ. ಯಕೃತ್ತಿನ ಬಾಗಿಲಲ್ಲಿ ಅದರ ಕವಲುಗಳು ಕೂಡುವೆಡೆಯ ಅರ್ಬುದವನ್ನು ಅಮೆರಿಕದ ವೈದ್ಯ ಜೆರಾಲ್ಡ್ ಕ್ಲಾಟ್‌ಸ್ಕಿನ್ 1965ರಲ್ಲಿ 13 ರೋಗಿಗಳ ವಿವರದೊಡನೆ ನಿರೂಪಿಸಿದರು. ಶಸ್ತ್ರವೈದ್ಯ ಎಷ್ಟೇ ನಿಪುಣನಾದರೂ ಕೊಯ್ದ ಅಂಚಿನಲ್ಲಿ ಕಣ್ಣಿಗೆ ಕಾಣದ ರೋಗಕಣಗಳು ಉಳಿಯಬಹುದು. ಅವುಗಳ ನಾಶಕ್ಕಾಗಿ ವಿಕಿರಣ.

ವಿಕಿರಣವೆಂದರೆ ಮೂಲಾರ್ಥದಲ್ಲಿ ಚೆದುರುವಿಕೆ. ವೈದ್ಯರ ಹೋರಾಟವಾದರೋ ಅದು ಚೆದುರದಂತೆ ನೋಡಿಕೊಳ್ಳುವುದಕ್ಕೆ. 1951ರಲ್ಲಿ ಕೆನಡಾದಲ್ಲಿ ಚಿಕಿತ್ಸೆಗಿಳಿದ ಕೋಬಾಲ್ಟ್ ಯಂತ್ರದ ಕಿರಣ ಒಡಲಾಳವನ್ನು ಮುಟ್ಟಿತು. ಆದರೆ ಅಗಲವಾಗಿ ಹಾಯ್ದು ಯಕೃತ್ತು, ಮೂತ್ರಪಿಂಡ, ಕರುಳುಗಳನ್ನೂ ನೋಯಿಸಿತು. ಕೆಲವರು ಕೊಳವೆಯ ಮೂಲಕ ನಾಳದೊಳಗೇ ಇರಿಡಿಯಂ ತಂತಿಯನ್ನು ಇಳಿಸಿದರು. ಅದು ನೆರೆಯನ್ನು ಕಾಯಿತು, ದೂರದ ದುಗ್ಧಗ್ರಂಥಿಗಳನ್ನು ಮಾತ್ರ ಮುಟ್ಟಲಿಲ್ಲ.

ಸಿ.ಟಿ. ಚಿತ್ರಗಳು ಬಂದಮೇಲೆ ರೋಗದ ನೆಲೆಯ ಆಕಾರಕ್ಕೆ ಕಿರಣವನ್ನು ಹೊಂದಿಸುವ ತ್ರಿವಿಮ ಪದ್ಧತಿ ಬೆಳೆಯಿತು. 1990ರ ದಶಕದಲ್ಲಿ ಬಂದ ಐ.ಎಂ.ಆರ್.ಟಿ.ಯಲ್ಲಿ ಒಂದೊಂದು ಕಿರಣದ ತೀವ್ರತೆಯನ್ನೂ ತುಂಡುತುಂಡಾಗಿ ಏರಿಳಿಸಬಹುದು. ಪಕ್ಕದಲ್ಲೇ ಇರುವ ಕರುಳಿನ ಮೊದಲ ಭಾಗ ಹೆಚ್ಚಿನ ಪ್ರಮಾಣದಿಂದ ಪಾರಾಗುತ್ತದೆ. ಆದರೆ ಹಲವು ದಿಕ್ಕಿನಿಂದ ಬರುವ ಕಿರಣ ಯಕೃತ್ತಿನ ಹೆಚ್ಚು ಭಾಗವನ್ನು ತುಸುತುಸು ಸೋಕುತ್ತದೆ. ಕಂಪ್ಯೂಟರಿನಲ್ಲಿ ಎರಡು ಪದ್ಧತಿಗಳ ನಕ್ಷೆಯನ್ನು ಹೋಲಿಸುವುದು ಸುಲಭ. ನಕ್ಷೆಯ ಲಾಭವನ್ನೇ ಆಯುಷ್ಯದ ಲಾಭವೆನ್ನಲು ನಾನು ಅವಸರಪಡಲಾರೆ.

2015ರಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಪ್ರಕಟವಾಯಿತು. ಪಿತ್ತನಾಳ ಅಥವಾ ಪಿತ್ತಕೋಶದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆಯಾದ 79 ಮಂದಿಗೆ ಔಷಧದೊಡನೆ ವಿಕಿರಣ ಕೊಟ್ಟಿದ್ದರು: ಗ್ರಂಥಿಗಳಿಗೆ 45 ಗ್ರೇ, ರೋಗವಿದ್ದ ನೆಲೆಗೆ 54ರಿಂದ 59.4. ಎರಡು ವರ್ಷ ಬದುಕಿದವರು ಶೇಕಡ 65. ವಿಕಿರಣವಿಲ್ಲದ ಮತ್ತೊಂದು ಗುಂಪನ್ನು ಅವರ ಪಕ್ಕದಲ್ಲಿ ಇರಿಸಿ ನೋಡಿರಲಿಲ್ಲ.