ಹತ್ತಿಯ ಎಳೆ ಮತ್ತು ದುಡಿದವರ ಪಾಲು

ಸತ್ಯಶುದ್ಧವಾದ ಕಾಯಕದಿಂದ ಗಳಿಸತಕ್ಕದ್ದು, ಗಳಿಸಿದುದನ್ನು ದಾಸೋಹಕ್ಕೆ ಸಲ್ಲಿಸತಕ್ಕದ್ದು, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸತಕ್ಕದ್ದು. ಇದು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶಿವಶರಣರು ಲೋಕಕ್ಕೆ ತೋರಿದ ದಾರಿ. ಆ ಶರಣಗಣದಲ್ಲಿ ಕದಿರಿನಿಂದ ನೂಲು ತೆಗೆಯುವ ರೆಮ್ಮವ್ವೆಯಿದ್ದಳು. ಶರಣರು ಆದ್ಯನೆಂದು ಗೌರವಿಸಿದ ದಾಸಿಮಯ್ಯನು ಮಗ್ಗದ ಕಾಯಕದವನು. ಅಂದು ಹತ್ತಿ ಬೆಳೆದವನೂ ನೂತವಳೂ ನೆಯ್ದವನೂ ಉಟ್ಟವನೂ ಬಹುಮಟ್ಟಿಗೆ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಕೆಲವು ಶತಮಾನಗಳ ತರುವಾಯ ಅದೇ ಹತ್ತಿಯು ಮೂರು ಖಂಡಗಳ ಬಡವರನ್ನು ಒಂದೇ ಎಳೆಯಲ್ಲಿ ಬಿಗಿಯಿತು. ಆದರೆ ಅವರಲ್ಲಿ ಒಬ್ಬನಿಗೂ ಮತ್ತೊಬ್ಬನ ಮುಖಪರಿಚಯವಿರಲಿಲ್ಲ. ಆ ವೃತ್ತಾಂತವು ಧಾರವಾಡದ ಎರೆಭೂಮಿಯನ್ನೂ ಮುಟ್ಟಿರುವದರಿಂದ, ಈ ಮಹೋತ್ಸವಕಾಲದಲ್ಲಿ ಶ್ರೀಮಠದ ಭಕ್ತರು ಅದನ್ನು ಮನನ ಮಾಡುವದು ಉಚಿತವಾಗಿದೆ.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಂಡದ ಲ್ಯಾಂಕಶಾಯರ ಪ್ರಾಂತದಲ್ಲಿ ನೂಲುವ ಯಂತ್ರಗಳು ನೆಲೆಗೊಂಡವು. ಅಲ್ಲಿಯ ಗಿರಣಿಗಳಲ್ಲಿ ಮಕ್ಕಳನ್ನು ದುಡಿಸುವ ಪದ್ಧತಿಯು ಎಷ್ಟು ಬೇರೂರಿತ್ತೆಂದರೆ, 9 ವರುಷಕ್ಕೆ ಕಡಿಮೆ ವಯಸ್ಸಿನ ಕೂಸುಗಳನ್ನು ಕೆಲಸಕ್ಕೆ ಹಚ್ಚಬಾರದೆಂದು ಹೇಳುವದಕ್ಕೆ 1833ರಲ್ಲಿ ಒಂದು ಕಾಯದೆಯೇ ಬೇಕಾಯಿತು. ಈ ಗಿರಣಿಗಳಿಗೆ ಬೇಕಾದ ಹತ್ತಿಯ ಬಹುಭಾಗವು ಅಮೇರಿಕೆಯ ದಕ್ಷಿಣ ಸಂಸ್ಥಾನಗಳಿಂದ ಬರುತ್ತಿತ್ತು. ಅದನ್ನು ಬೆಳೆದು ಬಿಡಿಸುವವರು ಆಫ್ರಿಕೆಯಿಂದ ಹಿಡಿದು ತಂದ ಜನರ ಸಂತತಿಯವರಾದ ಗುಲಾಮರು. 1793ರಲ್ಲಿ ಎಲಿ ವ್ಹಿಟ್ನಿಯೆಂಬವನು ಅರಳೆಯಿಂದ ಬೀಜವನ್ನು ಬೇರ್ಪಡಿಸುವ ಯಂತ್ರವನ್ನು ರಚಿಸಿದನು. ಇದರಿಂದ ಕೆಲಸವು ಹಗುರಾದಂತೆ ದುಡಿಯುವವನ ಹೊರೆಯೂ ಹಗುರಾಗಬೇಕಾಗಿತ್ತು. ಆದುದು ವಿಪರೀತ. ಲಾಭವು ಹೆಚ್ಚಿದ ಹಾಗೆ ಹತ್ತಿಯ ಹೊಲಗಳು ಹಬ್ಬಿದವು. 1790ರಲ್ಲಿ 7 ಲಕ್ಷದಷ್ಟಿದ್ದ ಗುಲಾಮರ ಸಂಖ್ಯೆಯು 1860ರಲ್ಲಿ 40 ಲಕ್ಷದ ಸಮೀಪಕ್ಕೆ ಏರಿತು. ಬ್ರಿಟಿಷ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ತೊಡೆಯುವ ಕಾಯದೆಯು 1833ರಲ್ಲಿ ಆಯಿತು. ಆಗ ನಷ್ಟಪರಿಹಾರವೆಂದು ಒಡೆಯರಿಗೆ 2 ಕೋಟಿ ಪೌಂಡು ಗೊತ್ತಾಯಿತು. ದುಡಿದು ಸವೆದವರಿಗೆ ಒಂದು ಕಾಸೂ ಸಲ್ಲಲಿಲ್ಲ.

ಇತ್ತ ಹಿಂದುಸ್ಥಾನದ ನೇಕಾರನ ಸ್ಥಿತಿಯೂ ಕೆಟ್ಟಿತು. ಅವನ ಬಟ್ಟೆಗೆ ಇಂಗ್ಲಂಡದಲ್ಲಿ ಭಾರವಾದ ಸುಂಕ, ಅಲ್ಲಿಯ ಬಟ್ಟೆಗೆ ಇಲ್ಲಿ ಅತಿ ಹಗುರಾದ ಸುಂಕ. ಮಗ್ಗವು ನಿಂತಲ್ಲಿ ನೇಕಾರನು ಅನ್ಯರ ಹೊಲಕ್ಕೆ ಕೂಲಿಯಾಳಾಗಿ ಹೋದನು. ಅರಿವೆಯನ್ನು ಕಳುಹುತ್ತಿದ್ದ ದೇಶವು ಅರಳೆಯನ್ನು ಕಳುಹುವ ದೇಶವಾಯಿತು.

1861ರಲ್ಲಿ ಅಮೇರಿಕೆಯ ಉತ್ತರ ದಕ್ಷಿಣ ಸಂಸ್ಥಾನಗಳೊಳಗೆ ಯುದ್ಧವು ಹೊತ್ತಿತು. ಉತ್ತರದವರು ದಕ್ಷಿಣದ ಬಂದರುಗಳನ್ನು ಮುತ್ತಿ ಹತ್ತಿಯ ಹಡಗುಗಳನ್ನು ತಡೆದರು. ಲ್ಯಾಂಕಶಾಯರದ ಗಿರಣಿಗಳು ನಿಂತವು. ಲಕ್ಷಾವಧಿ ಕೂಲಿಕಾರರು ಧರ್ಮದ ಗಂಜಿಗೆ ಕೈಯೊಡ್ಡಬೇಕಾಯಿತು. ದಕ್ಷಿಣದ ಪಕ್ಷವನ್ನು ವಹಿಸಿ ಮುತ್ತಿಗೆಯನ್ನು ಮುರಿಯಬೇಕೆಂದು ಹೇಳುವವರು ಇಂಗ್ಲಂಡದಲ್ಲಿ ಇದ್ದರು. ಹಾಗೆ ಮಾಡಿದ್ದರೆ ಹತ್ತಿಯು ಬರುತ್ತಿತ್ತು, ಹಸಿವು ತೀರುತ್ತಿತ್ತು. ಆದರೂ 1862ರ ಡಿಸೆಂಬರ 31ರಂದು ಮ್ಯಾಂಚೆಸ್ಟರದಲ್ಲಿ ಸಭೆ ಸೇರಿದ ಶ್ರಮಜೀವಿಗಳು, ಗುಲಾಮರ ಬಿಡುಗಡೆಯ ಪಕ್ಷವೇ ತಮ್ಮ ಪಕ್ಷವೆಂದು ಅಧ್ಯಕ್ಷ ಲಿಂಕನ್ನನಿಗೆ ಪತ್ರ ಬರೆದರು. 1863ರ ಜನೇವರಿ 19ರಂದು ಲಿಂಕನ್ನನು ಅವರ ಧೈರ್ಯವನ್ನು ಕೊಂಡಾಡಿ ಉತ್ತರವಿತ್ತನು. ತಾವು ಎಂದೂ ಕಾಣದ ಪರರ ಸಂಕೋಲೆ ಕಳಚಲೆಂದು ತಮ್ಮ ಅನ್ನವನ್ನು ಬಿಟ್ಟ ಆ ಬಡವರು, ಹೆಸರನ್ನು ಅರಿಯದಿದ್ದರೂ, ದಾಸೋಹಧರ್ಮವನ್ನೇ ಆಚರಿಸಿದರೆಂದು ಹೇಳಬಹುದು.

ಅದೇ ಯುದ್ಧವು ಧಾರವಾಡದ ರೈತನಿಗೆ ಬೇರೊಂದು ಬಗೆಯಾಗಿ ಫಲಿಸಿತು. 1840ರ ದಶಕದಿಂದಲೇ ಈ ಜಿಲ್ಲೆಯಲ್ಲಿ ಅಮೇರಿಕೆಯ ಹತ್ತಿಬೀಜವನ್ನು ಬಿತ್ತಿಸಲಾಗುತ್ತಿತ್ತು. ಈಗ ಬೆಲೆಯು ಹಲವು ಪಟ್ಟು ಏರಿತು. ಜೋಳದ ಹೊಲಗಳು ಹತ್ತಿಯ ಹೊಲಗಳಾದವು. ಹತ್ತಿಯ ಸಾಗಣೆಗೆಂದು ಕಾರವಾರದ ಬಂದರನ್ನು ಬೆಳೆಸುವ ಪ್ರಯತ್ನವೂ ನಡೆಯಿತು. ಕೂಲಿಯೂ ಏರಿತು, ಕಾಳಿನ ಬೆಲೆಯೂ ಏರಿತು. ತೂಕ ಹೆಚ್ಚಿಸಲು ಅರಳೆಯಲ್ಲಿ ಕಸವನ್ನು ಬೆರೆಸುವ ದುರಾಚಾರವು ಹಬ್ಬಿ, ಅದನ್ನು ತಡೆಯಲು ಮುಂಬಯಿ ಸರಕಾರವು 1863ರಲ್ಲಿ ಕಾಯದೆ ಮಾಡಿತು. ಈ ನಾಡಿನ ವ್ಯಾಪಾರದಲ್ಲಿ ಶಿವಭಕ್ತರಾದ ವರ್ತಕರೂ ಅಗ್ರಗಣ್ಯರಾಗಿದ್ದರೆಂಬದನ್ನು ಇಲ್ಲಿ ಮರೆಮಾಚತಕ್ಕದ್ದಲ್ಲ.

1865ರಲ್ಲಿ ಯುದ್ಧವು ಮುಗಿಯಿತು, ಬೆಲೆಯು ಕುಸಿಯಿತು. ಮುಂಬಯಿಯಲ್ಲಿ ಹತ್ತಿಯ ಹಣದಿಂದ ಎದ್ದ ಕಂಪನಿಗಳೂ ಪೇಢಿಗಳೂ ಒಂದರ ಮೇಲೊಂದು ಮುರಿದವು. ರೈತನಿಗೆ ಉಳಿದದ್ದು, ಏರಿದ ಬೆಲೆಯನ್ನು ನಂಬಿ ಮಾಡಿದ ಸಾಲ. ಅತ್ತ ಅಮೇರಿಕೆಯಲ್ಲಿ ಬಿಡುಗಡೆ ಹೊಂದಿದ ಗುಲಾಮನಿಗೂ ಭೂಮಿ ದೊರೆಯಲಿಲ್ಲ. ಕೋರಿನ ಮೇಲೆ ಉಳುತ್ತ, ಅಂಗಡಿಯ ಸಾಲಕ್ಕೆ ಸಿಕ್ಕು, ಹಳೆಯ ಒಡೆಯನ ಹೊಲದಲ್ಲಿಯೇ ಅನೇಕರು ಉಳಿದರು. ಹನ್ನೊಂದು ವರುಷಗಳ ಮೇಲೆ 1876ರಲ್ಲಿ ಮಳೆಯು ಹೋಯಿತು. ಎರಡು ವರುಷಗಳ ಆ ಭೀಕರ ಕ್ಷಾಮದಲ್ಲಿಯೂ ಹಿಂದುಸ್ಥಾನದ ಧಾನ್ಯವು ಸಮುದ್ರ ದಾಟುವದು ನಿಲ್ಲಲಿಲ್ಲ. ಮೈಸೂರು ಸಂಸ್ಥಾನವೊಂದರಲ್ಲಿಯೇ 1871ರಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು.

ಲೋಭಕ್ಕೆ ದೇಶವಿಲ್ಲ, ಬಣ್ಣವಿಲ್ಲ. ಮುಂಬಯಿಯಲ್ಲಿ ಸ್ವದೇಶೀಯರೇ ಕಟ್ಟಿದ ಗಿರಣಿಗಳಲ್ಲಿಯೂ ಅದೇ ರೀತಿ ನಡೆಯಿತು. 1881ರ ಕಾಯದೆಯು ತಡೆದದ್ದು 7 ವರುಷಕ್ಕಿಂತ ಕಿರಿಯ ಮಕ್ಕಳ ದುಡಿತವನ್ನು ಮಾತ್ರ. ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ 1890ರಲ್ಲಿ ಗಿರಣಿಯವರಿಗೆ ವಾರಕ್ಕೊಂದು ದಿನದ ಬಿಡುವು ದೊರೆಯಿತು.

ಈ ಕಥೆಯು ಮುಗಿದಿಲ್ಲ. 2013ರ ಏಪ್ರಿಲ 24ರಂದು ಬಂಗ್ಲಾದೇಶದ ಢಾಕಾದ ಬಳಿ ರಾಣಾ ಪ್ಲಾಜಾ ಎಂಬ ಕಟ್ಟಡವು ಕುಸಿದು 1,100ಕ್ಕೂ ಹೆಚ್ಚು ಜನರು ಮಡಿದರು. ಅವರಲ್ಲಿ ಬಹುಮಂದಿ ಪರದೇಶದ ಅಂಗಡಿಗಳಿಗಾಗಿ ಉಡುಪು ಹೊಲಿಯುವವರು. ಗೋಡೆ ಬಿರಿದುದು ಹಿಂದಿನ ದಿನವೇ ಕಂಡಿದ್ದರೂ ಅವರನ್ನು ಒಳಗೆ ಕರೆಯಲಾಗಿತ್ತು. 2016ರ ಏಪ್ರಿಲದಲ್ಲಿ ಬೆಂಗಳೂರಿನ ಸಿದ್ಧ ಉಡುಪಿನ ಕಾರಖಾನೆಗಳ ಸಾವಿರಾರು ಹೆಣ್ಣುಮಕ್ಕಳು, ತಮ್ಮ ಭವಿಷ್ಯನಿಧಿಯ ಹಣವನ್ನು ತಡೆಹಿಡಿಯುವ ನಿಯಮದ ವಿರುದ್ಧ ಬೀದಿಗಿಳಿದರು; ಕೇಂದ್ರ ಸರಕಾರವು ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನು ಅದನ್ನು ಒಲೆಗೆ ಏರಿಸದೆ, ತಂದಲ್ಲಿಯೇ ಸುರಿದು ಬರಲು ಹೇಳಿದಳೆಂಬ ಕಥೆಯನ್ನು ಭಕ್ತರೆಲ್ಲರೂ ಕೇಳಿದ್ದಾರೆ. ತನ್ನ ಪಾಲಿಗೆ ಮೀರಿದ್ದು ಮತ್ತೊಬ್ಬರ ಪಾಲೆಂಬದು ಆ ತಾಯಿಯ ಲೆಕ್ಕ. ಹತ್ತಿಯ ಇತಿಹಾಸವು ಆ ಲೆಕ್ಕವನ್ನು ಮರೆತವರ ಇತಿಹಾಸ. ಕಾಯಕವನ್ನು ಹೊಗಳಿ ಕಾಯಕಜೀವಿಯ ಕೂಲಿಯನ್ನು ಹಿಡಿದಿಡುವದು ಶರಣಧರ್ಮವಲ್ಲ. ಆಳುಗಳನ್ನಿಟ್ಟು ಹೊಲ, ಅಂಗಡಿ, ಕಾರಖಾನೆಗಳನ್ನು ನಡೆಸುವ ಭಕ್ತನು ಮಠದ ದಾಸೋಹಕ್ಕೆ ಚೀಲವನ್ನು ಕಳುಹುವದಕ್ಕೆ ಮುಂಚೆ, ಅದನ್ನು ತುಂಬಿದ ಕೈಗಳಿಗೆ ಸಲ್ಲಬೇಕಾದುದು ಸಂದಿದೆಯೇ ಎಂದು ನೋಡಿಕೊಳ್ಳಲಿ. ಹಾಗೆ ಸಂದ ಮೇಲೆ ಬಂದ ಹಿಡಿ ಕಾಳೂ ಪ್ರಸಾದವಾಗುವದು.